ಆಲ್ಸಿಂಡರ್ ದೊಡ್ಡವರೋ, ವಾಲ್ಟನ್ ದೊಡ್ಡವರೋ?

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಜನರ ಬಾಯಲ್ಲಿರುವ ಹೆಸರು ಯುಸಿಎಲ್‌ಎ. ಅಲ್ಲಿಯ ಬ್ಯಾಸ್ಕೆಟ್‌ಬಾಲ್ ತಂಡದ ಹಳೆಯ ಅಭಿಮಾನಿಗಳು ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಎಲ್ಲಿಂದಲೇ ಶುರುವಾಗಲಿ, ತಿರುಗಿ ಬರುವುದು ಒಂದೇ ಪ್ರಶ್ನೆಗೆ. ಲೂ ಆಲ್ಸಿಂಡರ್ ದೊಡ್ಡ ಆಟಗಾರರೋ, ಬಿಲ್ ವಾಲ್ಟನ್ ದೊಡ್ಡವರೋ? ಅರ್ಧ ಶತಮಾನ ಕಳೆದರೂ ವಾದ ಮುಗಿದಿಲ್ಲ. ಹೊತ್ತು ಕಳೆಯುವ ಹರಟೆ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಮನುಷ್ಯರನ್ನು ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ ಅಳೆಯಬಹುದೇ, ಅಳೆದರೆ ಅಳತೆಗೆ ಸಿಗುವುದು ಅವರ ಕೆಲಸವೋ ಅವರೋ ಎಂಬ ಹಳೆಯ ಜಿಜ್ಞಾಸೆಗೆ ಇದಕ್ಕಿಂತ ಒಳ್ಳೆಯ ಪ್ರಸಂಗ ಸಿಗುವುದು ಕಷ್ಟ.

ಏಕೆಂದರೆ ಹೋಲಿಕೆಗೆ ಬೇಕಾದ ಅನುಕೂಲಗಳೆಲ್ಲ ಇಲ್ಲಿ ತಾವಾಗಿಯೇ ಒದಗಿಬಂದಿವೆ. ಇಬ್ಬರೂ ಸೆಂಟರ್ ಸ್ಥಾನದ ಆಟಗಾರರು. ಇಬ್ಬರಿಗೂ ಒಬ್ಬರೇ ಕೋಚ್, ಜಾನ್ ವುಡನ್. ತವರಿನ ಅಂಗಣವೂ ಒಂದೇ, 1965ರಲ್ಲಿ ಬಾಗಿಲು ತೆರೆದ ಪಾಲಿ ಪೆವಿಲಿಯನ್. ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿಲ್ಲ ಎಂಬ ನಿಯಮ ಆಗ ಇದ್ದುದರಿಂದ ಇಬ್ಬರಿಗೂ ಸಿಕ್ಕಿದ್ದು ಮೂರು ಮೂರೇ ವರ್ಷ. ಆಲ್ಸಿಂಡರ್ ಅವರದು 1966ರಿಂದ 1969, ವಾಲ್ಟನ್ ಅವರದು 1971ರಿಂದ 1974. ಆ ಮೂರು ವರ್ಷಗಳಲ್ಲಿ ತಂಡ ಆಡಿದ ಪಂದ್ಯಗಳ ಸಂಖ್ಯೆಯೂ ಒಂದೇ, ತೊಂಬತ್ತು. ಆಲ್ಸಿಂಡರ್ ಕಾಲದಲ್ಲಿ 88 ಗೆಲುವು, 2 ಸೋಲು. ವಾಲ್ಟನ್ ಕಾಲದಲ್ಲಿ 86 ಗೆಲುವು, 4 ಸೋಲು. ರಾಷ್ಟ್ರೀಯ ಚಾಂಪಿಯನ್ ಪಟ್ಟ ಒಬ್ಬರಿಗೆ ಮೂರು, ಇನ್ನೊಬ್ಬರಿಗೆ ಎರಡು. ಪಂದ್ಯಕ್ಕೆ ಸರಾಸರಿ ಅಂಕ ಆಲ್ಸಿಂಡರ್ ಅವರದು 26.4, ವಾಲ್ಟನ್ ಅವರದು 20.3. ರೀಬೌಂಡ್, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿದದ್ದು, ಕ್ರಮವಾಗಿ 15.5 ಮತ್ತು 15.7. ಎಸೆದ ಚೆಂಡು ಬುಟ್ಟಿಗೆ ಬಿದ್ದ ಪ್ರಮಾಣ ನೂರಕ್ಕೆ 63.9 ಮತ್ತು 65.1.

ಬೇರೆ ಬೇರೆ ಶತಮಾನದ ಕವಿಗಳನ್ನೋ ಬೇರೆ ಬೇರೆ ನಾಡಿನ ರಾಜರನ್ನೋ ಹೋಲಿಸುವಾಗ ಇಂಥ ಸಮನೆಲ ಯಾರಿಗೂ ದಕ್ಕುವುದಿಲ್ಲ. ಇಲ್ಲಿಯೂ ತೀರ್ಪು ಸಿಗದೆ ಹೋದರೆ, ತೊಡಕು ಇರುವುದು ಮಾಹಿತಿಯ ಕೊರತೆಯಲ್ಲಲ್ಲ, ಪ್ರಶ್ನೆಯಲ್ಲೇ ಎಂದು ಒಪ್ಪಬೇಕಾಗುತ್ತದೆ.

ಮೊದಲು ಅಂಕಿಗಳ ಕಡೆ ನೋಡೋಣ. ಆಲ್ಸಿಂಡರ್ ಎಂಥ ಆಟಗಾರ ಎನ್ನುವುದು ಅವರು ಮುಖ್ಯ ತಂಡಕ್ಕೆ ಕಾಲಿಡುವ ಮೊದಲೇ ಊರಿಗೆಲ್ಲ ಗೊತ್ತಾಗಿತ್ತು. 1965ರ ನವೆಂಬರ್ 27ರಂದು ಪಾಲಿ ಪೆವಿಲಿಯನ್‌ನಲ್ಲಿ ಮೊದಲ ವರ್ಷದ ಹುಡುಗರ ತಂಡ ತಮ್ಮದೇ ಕಾಲೇಜಿನ ಮುಖ್ಯ ತಂಡದ ವಿರುದ್ಧ ಆಡಿತು. ಹಿಂದಿನ ಎರಡೂ ವರ್ಷ ದೇಶಕ್ಕೇ ಚಾಂಪಿಯನ್ ಆಗಿದ್ದ ತಂಡ ಅದು. ಹುಡುಗರು 75-60ರಿಂದ ಗೆದ್ದರು. ಆಲ್ಸಿಂಡರ್ ಒಬ್ಬರೇ 31 ಅಂಕ, 21 ರೀಬೌಂಡ್. ಮರುವರ್ಷ ಮುಖ್ಯ ತಂಡದ ಪರ ಆಡಿದ ಮೊದಲ ಪಂದ್ಯದಲ್ಲೇ 56 ಅಂಕ, ಅದೇ ಋತುವಿನಲ್ಲಿ ಇನ್ನೊಂದು ಪಂದ್ಯದಲ್ಲಿ 61. ಏಳು ಅಡಿ ದಾಟಿದ ಎತ್ತರ, ಆ ಎತ್ತರಕ್ಕೆ ಹೊಂದದಷ್ಟು ಹಗುರವಾದ ಕಾಲು. 1967ರಲ್ಲಿ ಅವರು ಮೊದಲ ಪಟ್ಟ ಗೆದ್ದುಕೊಟ್ಟ ಬೆನ್ನಿಗೇ ಕಾಲೇಜು ಆಟದ ಆಡಳಿತ ಮಂಡಳಿ ಡಂಕ್ ಮಾಡುವುದನ್ನು, ಅಂದರೆ ಜಿಗಿದು ಚೆಂಡನ್ನು ಮೇಲಿನಿಂದ ಬುಟ್ಟಿಯೊಳಗೆ ಗುದ್ದುವುದನ್ನು, ನಿಷೇಧಿಸಿತು. ಕಾರಣ ಏನೇ ಹೇಳಿರಲಿ, ನಿಯಮ ಯಾರನ್ನು ಕಟ್ಟಿಹಾಕಲು ಬಂತು ಎಂಬುದರಲ್ಲಿ ಆಟ ಬಲ್ಲವರಿಗೆ ಅನುಮಾನವಿರಲಿಲ್ಲ. ನಿಷೇಧ 1976ರವರೆಗೂ ಉಳಿಯಿತು.

ಇಲ್ಲಿ ಅಳತೆಯ ಕಷ್ಟ ಕಣ್ಣಿಗೆ ಹೊಡೆಯುತ್ತದೆ. ಆಲ್ಸಿಂಡರ್ ಅವರ ಮೊದಲ ವರ್ಷದ ಅಂಕಗಳು ಒಂದು ನಿಯಮದ ಕೆಳಗೆ ಬಂದವು, ಮುಂದಿನೆರಡು ವರ್ಷದವು ಇನ್ನೊಂದರ ಕೆಳಗೆ. ವಾಲ್ಟನ್ ತಮ್ಮ ಮೂರೂ ವರ್ಷ ಆಡಿದ್ದು ಡಂಕ್ ಇಲ್ಲದ ಕಾಲದಲ್ಲಿ, ಅದೂ ಆಲ್ಸಿಂಡರ್ ದೆಸೆಯಿಂದ ಬಂದ ನಿಯಮದ ಕೆಳಗೆ. ಮೊದಲನೆಯವನು ಎಷ್ಟು ದೊಡ್ಡವನೆಂದರೆ ಅವನನ್ನು ಅಳೆಯುವ ಕೋಲನ್ನೇ ಬದಲಿಸಬೇಕಾಯಿತು. ಬದಲಾದ ಕೋಲಿನಿಂದ ಎರಡನೆಯವನನ್ನು ಅಳೆದು, ಈಗ ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ.

ಪಟ್ಟಿಯ ಮಾತು ಬಂದಾಗ ಇನ್ನೊಂದು ಸಂಗತಿ. ಯುಸಿಎಲ್‌ಎ ಪುರುಷರ ತಂಡಕ್ಕೆ ಅತಿ ಹೆಚ್ಚು ಅಂಕ ಗಳಿಸಿಕೊಟ್ಟವರು ಇವರಿಬ್ಬರೂ ಅಲ್ಲ. 1988ರಿಂದ 1992ರವರೆಗೆ ಆಡಿದ ಡಾನ್ ಮೆಕ್‌ಲೀನ್ 2,608 ಅಂಕ ಗಳಿಸಿ ಆಲ್ಸಿಂಡರ್ ಅವರ 2,325ನ್ನು ಹಿಂದೆ ಹಾಕಿದರು. ಮೆಕ್‌ಲೀನ್ ಒಳ್ಳೆಯ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷ, ದೂರದ ಎಸೆತಕ್ಕೆ ಮೂರು ಅಂಕ ಕೊಡುವ ಗೆರೆ, ಚೆಂಡನ್ನು ಹಿಡಿದುಕೊಂಡು ಕೂರಲು ಬಿಡದ ಗಡಿಯಾರ. ಆಲ್ಸಿಂಡರ್ ಕಾಲದಲ್ಲಿ ಆ ಗಡಿಯಾರ ಇರಲಿಲ್ಲ. 1969ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಎಸ್‌ಸಿ) ತಂಡ ಚೆಂಡನ್ನು ನಿಧಾನವಾಗಿ ಆಡಿಸುತ್ತಾ ಹೊತ್ತು ತಳ್ಳಿಯೇ ಆಲ್ಸಿಂಡರ್ ತಂಡವನ್ನು 46-44ರಿಂದ ಸೋಲಿಸಿತು. ಅಂಕಿ ಸುಳ್ಳು ಹೇಳಲಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಉತ್ತರವನ್ನೂ ಹೇಳಲಿಲ್ಲ. ಮೆಕ್‌ಲೀನ್ ಅವರನ್ನು ಆಲ್ಸಿಂಡರ್‌ಗಿಂತ ಮೇಲೆ ಕೂರಿಸುವ ಅಭಿಮಾನಿ ಒಬ್ಬನೂ ಸಿಗಲಾರ. ಅಂದಮೇಲೆ ಅಂಕಿಯನ್ನು ನೋಡುವ ಮೊದಲೇ ದೊಡ್ಡತನದ ಬಗ್ಗೆ ನಮ್ಮೊಳಗೆ ಬೇರೊಂದು ಕಲ್ಪನೆ ಇದೆ, ಅಂಕಿ ಅದಕ್ಕೆ ಒಪ್ಪಿದಾಗ ಸಾಕ್ಷಿಗೆ ಕರೆಯುತ್ತೇವೆ, ಒಪ್ಪದಿದ್ದಾಗ ಬಿಟ್ಟುಬಿಡುತ್ತೇವೆ.

ಹಾಗಾದರೆ ಅಂಕಿಗಳ ಮೊತ್ತ ಬಿಟ್ಟು ಒಂದು ರಾತ್ರಿಯ ಆಟ ಹಿಡಿಯೋಣ ಎನ್ನುವವರು ವಾಲ್ಟನ್ ಪಕ್ಷದವರು. ಅವರ ಕೈಯಲ್ಲಿ ಇರುವುದು 1973ರ ಮಾರ್ಚ್ 26. ಸೇಂಟ್ ಲೂಯಿಸ್ ನಗರ, ರಾಷ್ಟ್ರೀಯ ಫೈನಲ್, ಎದುರಿಗೆ ಮೆಂಫಿಸ್ ಸ್ಟೇಟ್. ಮೊದಲರ್ಧ ಮುಗಿದಾಗ 39-39. ಅಲ್ಲಿಂದ ಮುಂದೆ ನಡೆದದ್ದನ್ನು ನೋಡಿದವರು ಇನ್ನೂ ಮರೆತಿಲ್ಲ. ವಾಲ್ಟನ್ ಆ ದಿನ ಒಟ್ಟು 22 ಸಲ ಬುಟ್ಟಿಗೆ ಎಸೆದರು, 21 ಸಲ ಬಿತ್ತು. 44 ಅಂಕ. ಡಂಕ್ ಮಾಡುವಂತಿಲ್ಲವಾದ್ದರಿಂದ ರಿಂಗಿನ ಹತ್ತಿರ ಗಾಳಿಯಲ್ಲೇ ಚೆಂಡು ಹಿಡಿದು, ಕೆಳಗಿಳಿಯುವ ಮೊದಲೇ ಬೆರಳ ತುದಿಯಿಂದ ಮೆತ್ತಗೆ ಹಲಗೆಗೆ ತಾಕಿಸಿ ಒಳಗೆ ಬಿಡುತ್ತಿದ್ದರು. ಯುಸಿಎಲ್‌ಎ 87-66ರಿಂದ ಗೆದ್ದಿತು. ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್‌ಗಳಲ್ಲಿ ಒಬ್ಬ ಆಟಗಾರ ಆಡಿದ ಅತ್ಯುತ್ತಮ ಆಟ ಎಂದು ಇದನ್ನು ಕರೆಯುವವರ ಮಾತನ್ನು ತೆಗೆದುಹಾಕಲು ಕಾರಣ ಹುಡುಕುವುದು ಕಷ್ಟ.

ಆದರೆ ಆ ಚೆಂಡು ರಿಂಗಿನ ಹತ್ತಿರ ತಾನಾಗಿ ಬರುತ್ತಿರಲಿಲ್ಲ. ಹೊರಗಿನಿಂದ ಅದನ್ನು ಎತ್ತಿ, ಕಾವಲುಗಾರರ ತಲೆಯ ಮೇಲಿನಿಂದ, ವಾಲ್ಟನ್ ಜಿಗಿದು ತಲುಪುವ ಕ್ಷಣಕ್ಕೆ ಸರಿಯಾಗಿ ಅದೇ ಜಾಗಕ್ಕೆ ಇಳಿಸುತ್ತಿದ್ದವರು ಗ್ರೆಗ್ ಲೀ. ಆ ಪಂದ್ಯದಲ್ಲಿ ಲೀ ಅವರ ಅಸಿಸ್ಟ್, ಅಂದರೆ ನೇರವಾಗಿ ಅಂಕಕ್ಕೆ ದಾರಿ ಮಾಡಿಕೊಟ್ಟ ಪಾಸು, ಹದಿನಾಲ್ಕು. 21 ಬುಟ್ಟಿಗಳಲ್ಲಿ ಎಷ್ಟು ಪಾಲು ವಾಲ್ಟನ್ ಅವರದು, ಎಷ್ಟು ಪಾಲು ಲೀ ಅವರದು? ಒಂದು ಎಸೆತವನ್ನು ಸೀಳಿ ಕರ್ತೃಗಳಿಗೆ ಹಂಚುವುದು ಹೇಗೆ? ಮಾಡಿದ್ದೆಲ್ಲವನ್ನೂ ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನ ತಿಳಿವು ಇನ್ನೂ ಹಣ್ಣಾಗಿಲ್ಲ ಎನ್ನುತ್ತದೆ ಗೀತೆಯ ಹದಿನೆಂಟನೆಯ ಅಧ್ಯಾಯ. ಯಾವುದೇ ಕೆಲಸಕ್ಕೆ ಅದು ಹೇಳುವ ಕಾರಣಗಳು ಐದು. ಮಾಡುವವನು ಅವುಗಳಲ್ಲಿ ಒಬ್ಬ ಮಾತ್ರ, ಐದನೆಯದು ದೈವ.

ಇನ್ನೂ ಒಬ್ಬರಿದ್ದಾರೆ. ಆ ವರ್ಷಗಳಲ್ಲಿ ಬೆಂಚಿನ ಮೇಲೆ ಕೂತಿದ್ದ ಸ್ವೆನ್ ನೇಟರ್, ಹಾಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು, ವಾಲ್ಟನ್ ಅವರಷ್ಟೇ ಎತ್ತರದವರು. ಪ್ರತಿದಿನ ಅಭ್ಯಾಸದಲ್ಲಿ ವಾಲ್ಟನ್‌ಗೆ ಮೈಯೊಡ್ಡಿ ನಿಲ್ಲುತ್ತಿದ್ದುದೇ ಅವರ ಮುಖ್ಯ ಕೆಲಸ. ಯುಸಿಎಲ್‌ಎಯಲ್ಲಿ ಒಂದೇ ಒಂದು ಪಂದ್ಯವನ್ನೂ ಆರಂಭದ ಐವರಲ್ಲಿ ಒಬ್ಬರಾಗಿ ಆಡಲಿಲ್ಲ. ಆದರೂ 1973ರಲ್ಲಿ ವೃತ್ತಿಪರ ಲೀಗ್ ಎನ್‌ಬಿಎ ಅವರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಂಡಿತು. ಮುಂದೆ 1980ರಲ್ಲಿ ಅವರು ಆ ಲೀಗಿನಲ್ಲೇ ರೀಬೌಂಡ್‌ನಲ್ಲಿ ಮೊದಲಿಗರಾದರು. ಬೇರೆ ಯಾವ ಕಾಲೇಜಿಗೆ ಹೋಗಿದ್ದರೂ ನೇಟರ್ ಅಲ್ಲಿಯ ಇತಿಹಾಸದ ದೊಡ್ಡ ಹೆಸರಾಗುತ್ತಿದ್ದರು. ವಾಲ್ಟನ್ ವಾಲ್ಟನ್ ಆದದ್ದರಲ್ಲಿ ಪ್ರತಿ ಮಧ್ಯಾಹ್ನದ ನೇಟರ್ ಭುಜಗಳ ಪಾಲೆಷ್ಟು ಎಂದು ಯಾವ ಕೋಷ್ಟಕವೂ ಹೇಳುವುದಿಲ್ಲ.

ಯಾರ ಪಾಲು ಎಷ್ಟು ಎಂಬ ಈ ಪ್ರಶ್ನೆ ಅದೇ ಕಾಲಕ್ಕೆ ತತ್ತ್ವಶಾಸ್ತ್ರದಲ್ಲೂ ಎದ್ದಿತ್ತು. ವಾಲ್ಟನ್ ಮುಖ್ಯ ತಂಡಕ್ಕೆ ಬಂದ 1971ರಲ್ಲೇ ಹಾರ್ವರ್ಡ್‌ನ ತತ್ತ್ವಜ್ಞಾನಿ ಜಾನ್ ರಾಲ್ಸ್ ನ್ಯಾಯದ ಸಿದ್ಧಾಂತ ಕುರಿತ ತಮ್ಮ ಮಹಾಗ್ರಂಥ ಪ್ರಕಟಿಸಿದರು. ವಾಲ್ಟನ್ ಕಾಲೇಜು ಬಿಟ್ಟ 1974ರಲ್ಲೇ ಅದೇ ಹಾರ್ವರ್ಡ್‌ನ ರಾಬರ್ಟ್ ನೋಜಿಕ್ ಅದಕ್ಕೆ ಎದುರುತ್ತರ ಬರೆದರು. ನೋಜಿಕ್ ತಮ್ಮ ವಾದಕ್ಕೆ ಆರಿಸಿಕೊಂಡ ಉದಾಹರಣೆ ಬ್ಯಾಸ್ಕೆಟ್‌ಬಾಲ್ ಸೆಂಟರ್ ವಿಲ್ಟ್ ಚೇಂಬರ್ಲೇನ್. ಚೇಂಬರ್ಲೇನ್ ಆಟ ನೋಡಲು ಬಂದ ಒಬ್ಬೊಬ್ಬರೂ ಖುಷಿಯಿಂದ ಇಪ್ಪತ್ತೈದು ಸೆಂಟ್ ಬೇರೆಯಾಗಿ ಕೊಟ್ಟರೆ, ಹಾಗೆ ಕೂಡಿದ ಸಂಪತ್ತನ್ನು ಅನ್ಯಾಯ ಎನ್ನಲು ಯಾರಿಗೆ ಹಕ್ಕಿದೆ ಎಂಬುದು ಅವರ ಸವಾಲು. ರಾಲ್ಸ್ ನಿಲುವು ಬೇರೆ. ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ಅರ್ಹರಲ್ಲ. ಅದು ಸಿಕ್ಕಿದ್ದು, ಗಳಿಸಿದ್ದಲ್ಲ. ಪರಿಶ್ರಮ ಪಡುವ ಸ್ವಭಾವದ ಹಿಂದೆ ಕೂಡ ಮನೆ, ಪರಿಸರ, ಅದೃಷ್ಟದ ಕೈ ಇರುತ್ತದೆ.

ದುಡ್ಡಿನ ಮಟ್ಟಿಗೆ ಈ ಜಗಳ ಎತ್ತಲಾದರೂ ಹೋಗಲಿ, ಹೊಗಳಿಕೆಯ ಮಟ್ಟಿಗೆ ರಾಲ್ಸ್ ಮಾತು ಚುಚ್ಚುತ್ತದೆ. ಆಲ್ಸಿಂಡರ್ ಅವರ ಏಳಡಿ ಎರಡಿಂಚು ಎತ್ತರ ಅವರ ಸಾಧನೆಯಲ್ಲ. ವಾಲ್ಟನ್ ಕಣ್ಣಿನ ಚುರುಕು, ಚೆಂಡು ಹಿಡಿಯುವ ಮೊದಲೇ ಮುಂದಿನ ಪಾಸು ಎಲ್ಲಿಗೆ ಎಂದು ಕಾಣುವ ಅವರ ಬುದ್ಧಿ, ಅದೂ ಕೊಡುಗೆಯೇ. ಮುಂದೆ ವೃತ್ತಿ ಜೀವನವನ್ನೇ ಕುಗ್ಗಿಸಿದ ಅವರ ದುರ್ಬಲ ಪಾದಗಳೂ ಅವರು ಮಾಡಿಕೊಂಡವಲ್ಲ. ಹೀಗೆ ಕೊಡುಗೆಗಳನ್ನೆಲ್ಲ ಒಂದೊಂದಾಗಿ ಕಳೆದರೆ ಹೊಗಳಲು ಉಳಿಯುವುದೇನು? ಏನೂ ಉಳಿಯುವುದಿಲ್ಲ ಎನ್ನುವುದು ಒಂದು ಉತ್ತರ. ಉಳಿಯುತ್ತದೆ ಎಂದು ನಂಬಿದವರು ಅವರಿಬ್ಬರ ಕೋಚ್.

ಜಾನ್ ವುಡನ್ ಇಂಡಿಯಾನಾದ ರೈತನ ಮಗ. ಸ್ವತಃ ಕಾಲೇಜು ದಿನಗಳಲ್ಲಿ ದೇಶದ ಅಗ್ರ ಆಟಗಾರರಲ್ಲಿ ಒಬ್ಬರು. ಆಮೇಲೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇನ್ನೊಬ್ಬರಿಗಿಂತ ಮೇಲಾಗಲು ಹೆಣಗಬೇಡ, ನಿನ್ನಿಂದ ಆಗುವಷ್ಟು ಒಳ್ಳೆಯವನಾಗುವುದನ್ನು ಮಾತ್ರ ಎಂದೂ ಬಿಡಬೇಡ ಎಂದು ಅಪ್ಪ ಹೇಳಿಕೊಟ್ಟದ್ದನ್ನು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಮಕ್ಕಳಿಗೆ ಬಂದ ಅಂಕಗಳನ್ನು ಪಕ್ಕದ ಮನೆಯ ಮಕ್ಕಳ ಅಂಕಗಳ ಜೊತೆ ಹೋಲಿಸುವ ತಂದೆತಾಯಿಗಳನ್ನು ಕಂಡು ಬೇಸತ್ತು, 1934ರಲ್ಲಿ ಯಶಸ್ಸಿಗೆ ತಮ್ಮದೇ ಒಂದು ವ್ಯಾಖ್ಯೆ ಬರೆದುಕೊಂಡರು. ತನ್ನ ಶಕ್ತಿಯಲ್ಲಿ ಇದ್ದುದನ್ನೆಲ್ಲ ಮಾಡಿದೆ ಎಂದು ತನಗೇ ಗೊತ್ತಿರುವುದರಿಂದ ಬರುವ ಮನಶ್ಶಾಂತಿಯೇ ಯಶಸ್ಸು ಎಂಬುದು ಅದರ ತಿರುಳು. ಗೆಲುವಿನ ಮಾತು ಅದರಲ್ಲಿ ಇಲ್ಲ. ಹನ್ನೆರಡು ವರ್ಷಗಳಲ್ಲಿ ಹತ್ತು ಸಲ ಚಾಂಪಿಯನ್ ಪಟ್ಟ ಗೆದ್ದ ಕೋಚ್ ಅಂಗಣದಲ್ಲಿ ಗೆಲ್ಲಿ ಎಂದು ಹುಡುಗರಿಗೆ ಹೇಳುತ್ತಿರಲಿಲ್ಲ ಎಂಬುದನ್ನು ಅವರ ಆಟಗಾರರೇ ಮತ್ತೆ ಮತ್ತೆ ನೆನಪಿಸಿಕೊಂಡಿದ್ದಾರೆ.

ಏನು ಹೇಳುತ್ತಿದ್ದರು ಎಂಬುದೂ ಗೊತ್ತಿದೆ. ಋತುವಿನ ಮೊದಲ ದಿನ ದೇಶದ ಅತ್ಯುತ್ತಮ ಆಟಗಾರರನ್ನು ಕೂರಿಸಿಕೊಂಡು ಕಾಲುಚೀಲ ಹಾಕಿಕೊಳ್ಳುವುದನ್ನು ಕಲಿಸುತ್ತಿದ್ದರು. ಬೆರಳುಗಳ ಬುಡದಲ್ಲಿ, ಹಿಮ್ಮಡಿಯಲ್ಲಿ ಒಂದು ಮಡಿಕೆಯೂ ಉಳಿಯದಂತೆ ಕೈಯಿಂದ ಸವರಿ ಎಳೆದುಕೊಳ್ಳಬೇಕು, ಆಮೇಲೆ ಶೂಸಿನ ಲಾಡಿಯನ್ನು ಒಂದೊಂದು ತೂತಿನಲ್ಲೂ ಬಿಗಿ ಮಾಡಿ ಕಟ್ಟಬೇಕು. ಮಡಿಕೆ ಉಳಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದರೆ ಅಭ್ಯಾಸ ತಪ್ಪುತ್ತದೆ. 1974-75ರಲ್ಲಿ, ಅವರ ಕೊನೆಯ ಋತುವಿನಲ್ಲಿ, ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅಭ್ಯಾಸದ ಹೊತ್ತಿಗೆ ಗ್ಯಾಲರಿಯಲ್ಲಿ ಕೂತು ವುಡನ್ ಬಾಯಿಂದ ಬಂದದ್ದನ್ನೆಲ್ಲ ಗುರುತು ಹಾಕಿಕೊಂಡರು. ದಾಖಲಾದ 2,326 ಬೋಧನೆಯ ತುಣುಕುಗಳಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ಹೀಗೆ ಮಾಡು, ಹಾಗೆ ಮಾಡಬೇಡ ಎಂಬ ಸೂಚನೆ. ಶಹಬ್ಬಾಸ್‌ಗಿರಿ ಮತ್ತು ಬೈಗುಳ ಎರಡೂ ತೀರಾ ಕಡಿಮೆ.

ಇದೇ ವುಡನ್ ಅವರನ್ನು ಜನ ಜೀವನವಿಡೀ ಬಿಡದೆ ಕೇಳಿದ್ದು: ಆಲ್ಸಿಂಡರೋ, ವಾಲ್ಟನ್ನೋ? ಅವರು ಉತ್ತರಿಸಿದ ರೀತಿ ಗಮನಿಸಬೇಕು. ಆಟದ ಮೂಲ ಕೌಶಲಗಳಿಗೆ ಒಂದೊಂದಕ್ಕೂ ಅಂಕ ಹಾಕುತ್ತಾ ಹೋದರೆ ವಾಲ್ಟನ್ ಯಾವ ಸೆಂಟರ್‌ಗಿಂತಲೂ ಮುಂದಿರಬಹುದು. ತಂಡಕ್ಕೆ ಬೆಲೆಬಾಳುವ ಆಟಗಾರ ಯಾರು ಎಂದರೆ ಆಲ್ಸಿಂಡರ್. ಒಂದು ಪ್ರಶ್ನೆಯನ್ನು ಎರಡಾಗಿ ಬಿಡಿಸಿ ಎರಡಕ್ಕೂ ಉತ್ತರ ಕೊಟ್ಟರು, ಕೂಡಿಸಿ ಒಂದು ಮಾಡಲು ಹೋಗಲಿಲ್ಲ. ಜಾಣತನದ ನುಣುಚಿಕೊಳ್ಳುವಿಕೆ ಎಂದು ಕೆಲವರಿಗೆ ಅನ್ನಿಸಿದೆ. ಜೈನ ದಾರ್ಶನಿಕರು ಕೇಳಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಒಂದು ದೃಷ್ಟಿಯಿಂದ ಹೌದು, ಇನ್ನೊಂದು ದೃಷ್ಟಿಯಿಂದ ಅಲ್ಲ, ಎರಡನ್ನೂ ಒಟ್ಟಿಗೆ ಹೇಳಹೊರಟರೆ ಮಾತಿಗೆ ಸಿಗುವುದಿಲ್ಲ ಎಂದು ಕ್ರಮಬದ್ಧವಾಗಿ ವಾದಿಸಿದ ಪರಂಪರೆ ಅದು.

ವುಡನ್ ದಿನವೂ ಬೈಬಲ್ ಓದುತ್ತಿದ್ದ ಕ್ರೈಸ್ತರು. ಯಾರು ದೊಡ್ಡವರು ಎಂಬ ಜಗಳ ಆ ಗ್ರಂಥದ ಒಳಗೇ ನಡೆದಿದೆ, ಅದೂ ಯೇಸುವಿನ ಶಿಷ್ಯರ ನಡುವೆ. ನಮ್ಮಲ್ಲಿ ಯಾರು ಮೇಲು ಎಂದು ಅವರು ದಾರಿಯುದ್ದಕ್ಕೂ ವಾದಿಸಿಕೊಂಡು ಬಂದರೆ, ಯೇಸು ಒಂದು ಮಗುವನ್ನು ಕರೆದು ಮಧ್ಯದಲ್ಲಿ ನಿಲ್ಲಿಸಿದರು. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಪೇತ್ರ ಹಿಂದೆ ಬರುತ್ತಿದ್ದ ಇನ್ನೊಬ್ಬ ಶಿಷ್ಯನನ್ನು ತೋರಿಸಿ ಇವನ ಗತಿ ಏನು ಎಂದು ಕೇಳಿದಾಗ ಬಂದ ಉತ್ತರವೂ ಅಷ್ಟೇ ನೇರ: ಅದು ನಿನಗೇಕೆ?

ಆಲ್ಸಿಂಡರ್ ಹೋದ ದಾರಿ ಬೇರೆ. ನ್ಯೂಯಾರ್ಕಿನ ಕ್ಯಾಥೊಲಿಕ್ ಶಾಲೆಗಳಲ್ಲಿ ಬೆಳೆದ ಹುಡುಗ ಕಾಲೇಜಿನಲ್ಲಿ ಮಾಲ್ಕಮ್ ಎಕ್ಸ್ ಅವರ ಆತ್ಮಕಥೆ ಓದಿದರು. 1967ರ ಜೂನ್‌ನಲ್ಲಿ, ವಿಯೆಟ್ನಾಂ ಯುದ್ಧಕ್ಕೆ ಹೋಗಲು ನಿರಾಕರಿಸಿದ ಮುಹಮ್ಮದ್ ಅಲಿ ಪರ ಕ್ಲೀವ್‌ಲ್ಯಾಂಡ್‌ನಲ್ಲಿ ಸೇರಿದ ಕಪ್ಪು ಕ್ರೀಡಾಪಟುಗಳ ಸಭೆಯಲ್ಲಿ ಕೂತಾಗ ಅವರಿಗಿನ್ನೂ ಇಪ್ಪತ್ತು ವರ್ಷ. ಮರುವರ್ಷ ಒಲಿಂಪಿಕ್ಸ್ ತಂಡಕ್ಕೆ ಹೋಗಲಿಲ್ಲ, ಅದೇ ವರ್ಷ ಇಸ್ಲಾಂ ಸ್ವೀಕರಿಸಿದರು. 1971ರಲ್ಲಿ ಕರೀಮ್ ಅಬ್ದುಲ್ ಜಬ್ಬಾರ್ ಎಂಬ ಹೆಸರನ್ನು ಬಹಿರಂಗವಾಗಿ ಇಟ್ಟುಕೊಂಡರು. ಅವರು ಒಪ್ಪಿಕೊಂಡ ಧರ್ಮದಲ್ಲಿ ಹೋಲಿಕೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾಗಿದೆ. ಕೆಲವು ಪ್ರವಾದಿಗಳಿಗೆ ಬೇರೆಯವರಿಗಿಂತ ಹೆಚ್ಚಿನ ಅನುಗ್ರಹ ಸಂದಿದೆ ಎನ್ನುವ ಮಾತೂ ಕುರಾನಿನ ಎರಡನೆಯ ಅಧ್ಯಾಯದಲ್ಲಿದೆ, ಪ್ರವಾದಿಗಳ ನಡುವೆ ಭೇದವೆಣಿಸುವುದಿಲ್ಲ ಎನ್ನುವ ವಿಶ್ವಾಸಿಗಳ ಮಾತೂ ಅದೇ ಅಧ್ಯಾಯದಲ್ಲಿದೆ. ಒಬ್ಬ ಮುಸ್ಲಿಮ, ಒಬ್ಬ ಯಹೂದಿ ತಂತಮ್ಮ ಪ್ರವಾದಿಯೇ ದೊಡ್ಡವರೆಂದು ಕೈಕೈ ಮಿಲಾಯಿಸಿದಾಗ, ನನ್ನನ್ನು ಮೂಸಾಗಿಂತ ಮೇಲೆಂದು ಹೇಳಬೇಡಿ ಎಂದು ಮುಹಮ್ಮದರು ತಡೆದ ಪ್ರಸಂಗ ಹದೀಸ್‌ಗಳಲ್ಲಿ ಬರುತ್ತದೆ. ಮೇಲುಕೀಳು ಇಲ್ಲವೆಂದಲ್ಲ, ಅದನ್ನು ನಿರ್ಣಯಿಸುವ ಅಧಿಕಾರ ಮನುಷ್ಯನದಲ್ಲ ಎಂಬುದು ಇಲ್ಲಿಯ ಎಚ್ಚರ.

ಮೇಲುಕೀಳು ಇದ್ದೇ ಇದೆ, ಆತ್ಮಗಳ ನಡುವೆಯೂ ಇದೆ, ಮುಕ್ತಿಯಲ್ಲೂ ಅಳಿಯುವುದಿಲ್ಲ ಎಂದು ಅತ್ಯಂತ ನೇರವಾಗಿ ಹೇಳಿದ ದಾರ್ಶನಿಕ ಕರ್ನಾಟಕದವರು. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು, ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದವರು. ಅವರೇ ಒಬ್ಬ ಗಟ್ಟಿ ದೇಹದ ಕ್ರೀಡಾಪಟುವೂ ಆಗಿದ್ದರೆಂದು ಅವರ ಚರಿತ್ರೆ ಸುಮಧ್ವವಿಜಯ ವರ್ಣಿಸುತ್ತದೆ. ಕಳಸದ ಹತ್ತಿರ ಭದ್ರಾ ನದಿಯ ಅಂಬುತೀರ್ಥದಲ್ಲಿ ಅವರು ಒಂದೇ ಕೈಯಿಂದ ತಂದಿಟ್ಟರೆಂದು ಶಾಸನವಿರುವ ಬಂಡೆಯನ್ನು ಈಗಲೂ ತೋರಿಸುತ್ತಾರೆ. ಅವರ ಮತದಲ್ಲಿ ಪ್ರತಿ ಜೀವಕ್ಕೂ ತನ್ನದೇ ಯೋಗ್ಯತೆ, ಒಬ್ಬರದು ಇನ್ನೊಬ್ಬರದಕ್ಕೆ ಸಮವಲ್ಲ. ಸಾಧನೆಯಿಂದ ಆ ಯೋಗ್ಯತೆ ಬಯಲಿಗೆ ಬರುತ್ತದೆಯೇ ಹೊರತು ಹೊಸದಾಗಿ ಹುಟ್ಟುವುದಿಲ್ಲ. ಮುಕ್ತರ ಆನಂದದಲ್ಲೂ ತರತಮ ಉಂಟು. ಆದರೆ ಅಲ್ಲಿ ಅಸೂಯೆಗೆ ಜಾಗವಿಲ್ಲ. ಚಿಕ್ಕ ಚೊಂಬು, ದೊಡ್ಡ ಹಂಡೆ ಎರಡನ್ನೂ ಹೊಳೆಯಲ್ಲಿ ಮುಳುಗಿಸಿದರೆ ಹಿಡಿಯುವ ನೀರು ಬೇರೆ ಬೇರೆ, ತುಂಬಿರುವುದು ಮಾತ್ರ ಎರಡೂ ಕಂಠದವರೆಗೆ.

ಇಂಡಿಯಾನಾದ ಮೇಷ್ಟ್ರ ವ್ಯಾಖ್ಯೆಗೂ ಉಡುಪಿಯ ಆಚಾರ್ಯರ ಸಿದ್ಧಾಂತಕ್ಕೂ ನಡುವೆ ಇರುವ ಅಂತರ ಅಗಾಧ. ಅನಾದಿಯಿಂದಲೇ ಜೀವಗಳ ಯೋಗ್ಯತೆ ನಿಗದಿಯಾಗಿಹೋಗಿದೆ ಎಂಬ ಮಾತನ್ನು ಇಂದಿನ ಓದುಗ ಸುಲಭವಾಗಿ ಒಪ್ಪಲಾರ, ಒಪ್ಪಬೇಕಾಗಿಯೂ ಇಲ್ಲ. ಆದರೆ ಒಂದು ಕಡೆ ಇಬ್ಬರೂ ಕೂಡುತ್ತಾರೆ. ಎಷ್ಟು ಹಿಡಿಯಿತು ಎಂಬುದು ಒಂದು ಅಳತೆ, ಎಷ್ಟು ತುಂಬಿತು ಎಂಬುದು ಇನ್ನೊಂದು. ಗ್ಯಾಲರಿಯಲ್ಲಿ ಕೂತವರಿಗೆ ಕಾಣುವುದು ಮೊದಲನೆಯದು ಮಾತ್ರ. ಎರಡನೆಯದು ಮಧ್ವರ ಪ್ರಕಾರ ದೇವರಿಗೆ ಗೊತ್ತು, ವುಡನ್ ಪ್ರಕಾರ ಆಡಿದವನಿಗೆ ಗೊತ್ತು. ಪ್ರೇಕ್ಷಕನಿಗೆ ಇಬ್ಬರೂ ಆ ಅಧಿಕಾರ ಕೊಡುವುದಿಲ್ಲ.

ಕಾಣುವ ಮೊದಲ ಅಳತೆಯಲ್ಲಾದರೂ ತೀರ್ಪು ಸಾಧ್ಯವೇ? ಇಬ್ಬರೂ ಸರಿಸಮ ಎಂದು ಕೈತೊಳೆದುಕೊಳ್ಳುವುದು ಸುಲಭದ ದಾರಿ, ಆದರೆ ಅದೂ ನಿಲ್ಲುವುದಿಲ್ಲ. 1968ರ ಜನವರಿ 20ರಂದು ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ 52,693 ಪ್ರೇಕ್ಷಕರ ಎದುರು ಯುಸಿಎಲ್‌ಎ 71-69ರಿಂದ ಸೋತಿತು. ಎಂಟು ದಿನ ಹಿಂದೆ ಕಣ್ಣಿಗೆ ಗಾಯವಾಗಿದ್ದ ಆಲ್ಸಿಂಡರ್ 18 ಎಸೆತಗಳಲ್ಲಿ ನಾಲ್ಕನ್ನು ಮಾತ್ರ ಬುಟ್ಟಿಗೆ ಹಾಕಿದರು. ಎದುರಾಳಿ ತಂಡದ ಎಲ್ವಿನ್ ಹೇಯ್ಸ್ 39 ಅಂಕ ಗಳಿಸಿದರು. ಆ ಕಣ್ಣಿಗೆ ಗಾಯವಾಗದೆ ಯುಸಿಎಲ್‌ಎ ಗೆದ್ದಿತ್ತು, ಲೆಕ್ಕ 89-1 ಆಯಿತು ಎಂದುಕೊಳ್ಳಿ. ಇಬ್ಬರೂ ನಿಜವಾಗಿ ಸರಿಸಮವಾಗಿದ್ದರೆ ಈ ಒಂದು ಗೆಲುವಿಗೇ ತಕ್ಕಡಿ ಆಲ್ಸಿಂಡರ್ ಕಡೆ ವಾಲಿಬಿಡಬೇಕು. ವಾಲ್ಟನ್ ಪಕ್ಷದ ಒಬ್ಬನಾದರೂ ಅಷ್ಟಕ್ಕೆ ಪಕ್ಷ ಬದಲಿಸುತ್ತಾನೆಯೇ? ಹಾಗೆಯೇ 1974ರ ಜನವರಿ 19. ಸತತ 88 ಪಂದ್ಯ ಗೆದ್ದುಬಂದಿದ್ದ ವಾಲ್ಟನ್ ತಂಡ ನೋಟರ್ ಡೇಮ್ ಎದುರು ಕೊನೆಯ ಮೂರೂವರೆ ನಿಮಿಷ ಇರುವಾಗ 70-59ರಿಂದ ಮುಂದಿತ್ತು. ಅಲ್ಲಿಂದ ನೋಟರ್ ಡೇಮ್ ಒಂದಾದ ಮೇಲೊಂದು ಹನ್ನೆರಡು ಅಂಕ ಗಳಿಸಿತು, ಯುಸಿಎಲ್‌ಎ ಒಂದನ್ನೂ ಗಳಿಸಲಿಲ್ಲ, 71-70. ಆ ಒಂದು ಅಂಕ ಇತ್ತ ಬಂದಿದ್ದರೆ ಆಲ್ಸಿಂಡರ್ ಪಕ್ಷದವರು ಮಣಿಯುತ್ತಿದ್ದರೇ?

ಮಣಿಯುತ್ತಿರಲಿಲ್ಲ. ಅದು ಹಟವಲ್ಲ, ವಿವೇಕ. ಒಬ್ಬರು ಮೇಲಲ್ಲ, ಇನ್ನೊಬ್ಬರೂ ಮೇಲಲ್ಲ, ಸಮವೂ ಅಲ್ಲ ಎಂಬ ನಾಲ್ಕನೆಯ ಸಂಬಂಧವೊಂದು ಇದೆ ಎಂದು ತತ್ತ್ವಜ್ಞಾನಿ ರೂತ್ ಚಾಂಗ್ ವಾದಿಸಿದ್ದಾರೆ. ಒಂದೇ ಮಟ್ಟದಲ್ಲಿ ನಿಂತ, ಆದರೆ ಬೇರೆ ಬೇರೆ ಗುಣದ ಎರಡು ಒಳಿತುಗಳು. ಜೋಸೆಫ್ ರಾಜ್ ಅವರಂಥ ತತ್ತ್ವಜ್ಞಾನಿಗಳು ಇಂಥ ಕಡೆ ಹೋಲಿಕೆಯೇ ಅಸಾಧ್ಯ ಎಂದಿದ್ದರು. ಈ ಪ್ರಸಂಗದ ಮಟ್ಟಿಗೆ ಚಾಂಗ್ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಆಲ್ಸಿಂಡರ್ ಮತ್ತು ವಾಲ್ಟನ್ ಅವರನ್ನು ಹೋಲಿಸಲು ಆಗುವುದಿಲ್ಲ ಎನ್ನುವುದು ಸುಳ್ಳು. ಹೋಲಿಸಿದಾಗಲೇ ಅಲ್ಲವೇ ಒಬ್ಬರ ಆಟದ ಎತ್ತರ, ಇನ್ನೊಬ್ಬರ ಆಟದ ಹರಹು ಕಾಣುವುದು? ಆಗದ್ದು ಒಂದೇ, ಅವರನ್ನು ಒಂದರ ಕೆಳಗೊಂದು ಸಾಲಿನಲ್ಲಿ ಬರೆಯುವುದು.

ಸಾಲು ಬರೆಯುವ ಚಟದಿಂದ ಆಗುವ ನಷ್ಟ ಇನ್ನೊಂದಿದೆ, ಅದನ್ನು ಹೇಳದೆ ಬಿಡುವುದು ತಪ್ಪಾಗುತ್ತದೆ. 1990ರ ಫೆಬ್ರವರಿ 3ರಂದು ಪಾಲಿ ಪೆವಿಲಿಯನ್‌ನಲ್ಲಿ ಯುಸಿಎಲ್‌ಎ ಮೊಟ್ಟಮೊದಲ ಬಾರಿಗೆ ನಾಲ್ವರ ಜೆರ್ಸಿ ಸಂಖ್ಯೆಗಳನ್ನು ಗೌರವದಿಂದ ನಿವೃತ್ತಿಗೊಳಿಸಿತು. ಕರೀಮ್ ಅವರ 33, ವಾಲ್ಟನ್ ಅವರ 32. ಉಳಿದ ಇಬ್ಬರು ಮಹಿಳೆಯರು, ಆನ್ ಮೈಯರ್ಸ್ ಮತ್ತು ಡೆನಿಸ್ ಕರಿ. ಕರಿ ಗಳಿಸಿದ್ದು 3,198 ಅಂಕ. ಮೆಕ್‌ಲೀನ್ ಅವರಿಗಿಂತ ಸುಮಾರು 600 ಹೆಚ್ಚು. ಆಡಿದ 130 ಪಂದ್ಯಗಳಲ್ಲಿ ಒಂದರಲ್ಲೂ ಅವರ ಅಂಕ ಎರಡಂಕಿಗಿಂತ ಕೆಳಗಿಳಿಯಲಿಲ್ಲ. ಮೈಯರ್ಸ್ 1978ರಲ್ಲಿ ಒಂದೇ ಪಂದ್ಯದಲ್ಲಿ 20 ಅಂಕ, 14 ರೀಬೌಂಡ್, 10 ಅಸಿಸ್ಟ್, 10 ಸಲ ಎದುರಾಳಿಯ ಕೈಯಿಂದ ಚೆಂಡು ಕಸಿದದ್ದು, ಹೀಗೆ ನಾಲ್ಕೂ ಲೆಕ್ಕಗಳಲ್ಲಿ ಎರಡಂಕಿ ಮುಟ್ಟಿದರು. ಅದೇ ವರ್ಷ ಅವರ, ಕರಿ ಅವರ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಯುಸಿಎಲ್‌ಎಯ ಅತಿ ದೊಡ್ಡ ಆಟಗಾರ ಯಾರು ಎಂದು ಗಂಟೆಗಟ್ಟಲೆ ವಾದಿಸುವವರ ಬಾಯಲ್ಲಿ ಈ ಎರಡು ಹೆಸರು ಬರುವುದು ಅಪರೂಪ. ಯಾರು ಮೊದಲು ಎಂದು ಕೇಳುವ ಮುನ್ನವೇ ಯಾರನ್ನು ಸಾಲಿನಲ್ಲಿ ನಿಲ್ಲಿಸಬೇಕೆಂದು ಯಾರೋ ತೀರ್ಮಾನ ಮಾಡಿ ಆಗಿರುತ್ತದೆ.

ಇವೆಲ್ಲ ಯಾಕೆ, ಇಬ್ಬರೂ ಎದುರುಬದುರು ಆಡಿದ್ದರೆ ತಿಳಿದುಬಿಡುತ್ತಿತ್ತು ಎಂಬುದು ಕೊನೆಯ ವಾದ. ಆಡಿದರು. 1977ರ ಎನ್‌ಬಿಎ ಪಶ್ಚಿಮ ವಿಭಾಗದ ಫೈನಲ್‌ನಲ್ಲಿ ಕರೀಮ್ ಅವರ ಲೇಕರ್ಸ್, ವಾಲ್ಟನ್ ಅವರ ಪೋರ್ಟ್‌ಲ್ಯಾಂಡ್. ಕರೀಮ್ ಪಂದ್ಯಕ್ಕೆ ಸುಮಾರು ಮೂವತ್ತು ಅಂಕ ಗಳಿಸಿದರು, ವಾಲ್ಟನ್ ಅದಕ್ಕಿಂತ ಬಹಳ ಕಡಿಮೆ. ಸರಣಿ ಗೆದ್ದದ್ದು ಮಾತ್ರ ಪೋರ್ಟ್‌ಲ್ಯಾಂಡ್, ಅದೂ 4-0. ಎರಡೂ ಪಕ್ಷದವರು ಆ ನಾಲ್ಕು ಪಂದ್ಯಗಳನ್ನು ತಮ್ಮ ಕಡೆಯ ಸಾಕ್ಷಿ ಎಂದು ಇಂದಿಗೂ ಮುಂದಿಡುತ್ತಾರೆ.

ಆ ಇಬ್ಬರ ಮಾತು ಕೇಳಿದರೆ ಲೆಕ್ಕ ಇನ್ನೂ ತಲೆಕೆಳಗಾಗುತ್ತದೆ. ತಾನು ಎದುರಿಸಿದ ಆಟಗಾರರಲ್ಲೆಲ್ಲ ಕರೀಮ್ ಅವರೇ ಶ್ರೇಷ್ಠ ಎಂದು ವಾಲ್ಟನ್ ಬದುಕಿರುವವರೆಗೂ ಹೇಳಿಕೊಂಡು ಬಂದರು. 2024ರ ಮೇ 27ರಂದು ವಾಲ್ಟನ್ ತೀರಿಕೊಂಡಾಗ ಕರೀಮ್ ಬರೆದ ನಾಲ್ಕು ಸಾಲಿನಲ್ಲಿ, ಅಂಗಣದಲ್ಲಿ ಉಗ್ರವಾಗಿ ಆಡುತ್ತಿದ್ದ ಆ ಮನುಷ್ಯ ಹೊರಗೆ ತನ್ನ ಸುತ್ತಲಿನವರನ್ನೆಲ್ಲ ಸಂತೋಷಪಡಿಸಲು ತನ್ನಿಂದಾದದ್ದೆಲ್ಲ ಮಾಡಿದರೆ ಮಾತ್ರ ತಾನೂ ಸಂತೋಷಪಡುತ್ತಿದ್ದ ಎಂದಿತ್ತು, ನಮ್ಮೆಲ್ಲರಲ್ಲಿ ಅವನೇ ಶ್ರೇಷ್ಠ ಎಂದೂ ಇತ್ತು. 44 ಅಂಕದ ಆ ಫೈನಲ್ ಆಗಲಿ, 4-0ರ ಆ ಸರಣಿಯಾಗಲಿ ಆ ಸಾಲುಗಳಲ್ಲಿ ಬಂದಿರಲಿಲ್ಲ.